ಬಣ್ಣ ಬಳಿಯುವ ಮುನ್ನ



ನಮ್ಮ ಮುಂಡಗೋಡದಲ್ಲಿ ನನ್ನ ಕೈಯಲ್ಲಿ ಓದಿ ಈಗ ಹೊರದೇಶದಲ್ಲಿ ನೆಲೆಸಿರುವ ಶಿಷ್ಯನೊಬ್ಬ ಕಳೆದ ತಿಂಗಳು ಒಂದು ಪ್ರಶ್ನೆ ಬರೆದಿದ್ದ. ಅವನಿಗೆ ರಜಾದಿನಗಳಲ್ಲಿ ಸರೋವರಕ್ಕೆ ಹೋಗಿ ಗಾಳ ಹಾಕುವ ಹವ್ಯಾಸ. ಆ ದೇಶದಲ್ಲಿ ಎರೆಹುಳುವಿಗೆ ಬದಲಾಗಿ ಮರದಲ್ಲಿ ಕೆತ್ತಿದ, ಬೆರಳುದ್ದದ ಹುಸಿಮೀನನ್ನು ಗಾಳದ ದಾರಕ್ಕೆ ಕಟ್ಟುವ ರೂಢಿ ಇದೆಯಂತೆ. ದೊಡ್ಡ ಮೀನು ಅದನ್ನು ನಿಜವಾದ ಮರಿಮೀನೆಂದು ಭ್ರಮಿಸಿ ಬಾಯಿ ಹಾಕುತ್ತದೆ. ಅಂಗಡಿಯಲ್ಲಿ ಕೊಳ್ಳುವುದನ್ನು ಬಿಟ್ಟು ತಾನೇ ಒಂದನ್ನು ಕೆತ್ತಿ, ಕಣ್ಣು, ರೆಕ್ಕೆ, ಹುರುಪೆಗಳನ್ನು ಬಣ್ಣದಲ್ಲಿ ಬರೆದಿದ್ದಾನೆ. ಮೂರು ವಾರಗಳಲ್ಲಿ ಬಣ್ಣವೆಲ್ಲ ಚಕ್ಕೆ ಚಕ್ಕೆಯಾಗಿ ಎದ್ದುಹೋಯಿತಂತೆ. "ಸರ್, ನಮ್ಮ ಹಿರಿಯರು ಮರಕ್ಕೆ ಹಚ್ಚಿದ ಬಣ್ಣ ನೂರಾರು ವರ್ಷ ಉಳಿಯುತ್ತಿತ್ತಲ್ಲ, ಅವರು ಏನು ಮಾಡುತ್ತಿದ್ದರು?" ಎಂಬುದು ಅವನ ಪ್ರಶ್ನೆ.

ಪ್ರಶ್ನೆ ಚಿಕ್ಕದು. ಉತ್ತರ ಮಾತ್ರ ಕಾರವಾರದ ಕಡಲತಡಿಯಿಂದ ಕೊಪ್ಪಳದ ಬಯಲಿನವರೆಗೆ ಹರಡಿಕೊಂಡಿದೆ. ಆದ್ದರಿಂದ ಅವನೊಬ್ಬನಿಗೆ ಬರೆಯುವ ಬದಲು ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಮ್ಮ ತಾಲೂಕಿನಲ್ಲಿ ನೀರಿಗೆ ಕೊರತೆಯಿಲ್ಲ. ಬಾಚಣಕಿ, ಅತ್ತಿವೇರಿ, ಮಳಗಿಯ ಧರ್ಮಾ ಜಲಾಶಯ, ಊರೂರಿಗೊಂದು ಕೆರೆ. ಗಾಳ ಹಾಕುವವರೂ ಉಂಟು. ಆದರೆ ಬಿದಿರಿನ ಕೋಲು, ದಾರ, ಕೊಕ್ಕೆ, ಎರೆಹುಳು, ಇಲ್ಲವೇ ಹಿಟ್ಟಿನ ಉಂಡೆ, ಇಷ್ಟೇ ನಮ್ಮವರ ಸಾಮಗ್ರಿ. ಮರದ ಮೀನು ನಮ್ಮದಲ್ಲ. ಮರವನ್ನು ನೀರಿನಿಂದ ಕಾಯುವ ವಿದ್ಯೆ ಮಾತ್ರ ನಮ್ಮ ನಾಡಿನಲ್ಲಿ ಬಹಳ ಹಳೆಯದು.

ಮರ ಸತ್ತರೂ ಸುಮ್ಮನಿರುವ ವಸ್ತುವಲ್ಲ. ಆಷಾಢದಲ್ಲಿ ಬಾಗಿಲು ಚೌಕಟ್ಟಿಗೆ ಬಿಗಿದುಕೊಳ್ಳುವುದನ್ನೂ ಶಿವರಾತ್ರಿಯ ಹೊತ್ತಿಗೆ ಅದೇ ಬಾಗಿಲಿನ ಹಲಗೆಗಳ ನಡುವೆ ಬೆಳಕು ತೂರುವುದನ್ನೂ ನೀವೆಲ್ಲ ಕಂಡಿದ್ದೀರಿ. ಮರದ ಎಳೆಗಳ ಗೋಡೆಗಳು ಗಾಳಿಯಲ್ಲಿನ ತೇವವನ್ನು ಹೀರಿ ಹಿಗ್ಗುತ್ತವೆ, ಬಿಟ್ಟು ಕುಗ್ಗುತ್ತವೆ. ಒಣಮರದ ತೂಕದ ಸುಮಾರು ಶೇ. 30ರಷ್ಟು ನೀರು ಸೇರುವವರೆಗೂ ಈ ಹಿಗ್ಗುವಿಕೆ ನಡೆಯುತ್ತದೆ. ಅದರಾಚೆಗೆ ಸೇರಿದ ನೀರು ಎಳೆಗಳ ಟೊಳ್ಳುಗಳಲ್ಲಿ ನಿಲ್ಲುತ್ತದೆಯೇ ಹೊರತು ಮರವನ್ನು ಹಿಗ್ಗಿಸುವುದಿಲ್ಲ. ಎಲ್ಲ ದಿಕ್ಕಿಗೂ ಒಂದೇ ಸಮನೆ ಹಿಗ್ಗುವುದೂ ಇಲ್ಲ. ಎಳೆಯ ಉದ್ದಕ್ಕೆ ಬಹುತೇಕ ಬದಲಾವಣೆಯೇ ಇಲ್ಲ. ಅಡ್ಡಕ್ಕೆ ಹಿಗ್ಗುತ್ತದೆ, ಅದರಲ್ಲೂ ವರ್ಷದ ಉಂಗುರಗಳ ಗುಂಟ ಹಿಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಹಿಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಮೇಲಿನ ಬಣ್ಣಕ್ಕೆ ಈ ಓಲಾಟ ತಿಳಿಯದು. ಒಣಗಿದ ಬಣ್ಣ ಒಂದು ತೆಳುವಾದ ಚಿಪ್ಪು. ಕೆಳಗಿನ ಮರ ಮೈ ಮುರಿದಾಗ ಚಿಪ್ಪು ಬಿರಿಯುತ್ತದೆ. ಬಿರುಕಿನಲ್ಲಿ ನೀರು ಇಳಿಯುತ್ತದೆ. ಇಳಿದ ನೀರು ಚಿಪ್ಪನ್ನು ಒಳಗಿನಿಂದ ಎತ್ತುತ್ತದೆ. ನನ್ನ ಶಿಷ್ಯ ಬಣ್ಣದ ಡಬ್ಬಿಯನ್ನು ದೂರಿದ್ದ. ತಪ್ಪು ಡಬ್ಬಿಯದಲ್ಲ. ಬಣ್ಣಕ್ಕೂ ಮರಕ್ಕೂ ನಡುವೆ ಇರಬೇಕಾದ ಮಧ್ಯಸ್ಥನೊಬ್ಬ ಅಲ್ಲಿರಲಿಲ್ಲ.

ಈ ಮಧ್ಯಸ್ಥನನ್ನು ಒಂದೊಂದು ಸೀಮೆಯವರು ಒಂದೊಂದು ಬಗೆಯಲ್ಲಿ ಕಂಡುಕೊಂಡರು. ಅವರವರ ವೈರಿ ಯಾರೋ ಅದಕ್ಕೆ ತಕ್ಕಂತೆ ಅವರವರ ಲೇಪ.

ನಮ್ಮ ಜಿಲ್ಲೆಯ ಕರಾವಳಿಯನ್ನೇ ನೋಡಿ. ಅಲ್ಲಿಯ ದೋಣಿ ಕಟ್ಟುವವರಿಗೆ ಅಂದಕ್ಕಿಂತ ಬಾಳಿಕೆ ಮುಖ್ಯವಾಗಿತ್ತು. ಒಂದೇ ದಿಮ್ಮಿಯನ್ನು ಕೊರೆದು ಮಾಡುವ ಪಾತಿ ದೋಣಿಯಿರಲಿ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟುವ ದೋಣಿಯಿರಲಿ, ಅದಕ್ಕೆ ಎರಡು ವೈರಿಗಳು. ಒಂದು ಉಪ್ಪುನೀರು, ಇನ್ನೊಂದು ಮರವನ್ನು ಒಳಗೊಳಗೇ ಕೊರೆದು ಜರಡಿ ಮಾಡುವ ಕಡಲ ಹುಳು. ಅವರು ಕಂಡುಕೊಂಡ ಉಪಾಯ ಎಣ್ಣೆ. ಬೂತಾಯಿ, ತಾರ್ಲೆ ಎಂದು ಕರೆಯುವ ಮೀನಿನಿಂದ ಕಾಸಿ ತೆಗೆದ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ, ಎಣ್ಣೆಯಲ್ಲಿ ಕರಗಿಸಿದ ಸಾಲುಧೂಪದ ಮರದ ಅಂಟು, ಇವುಗಳನ್ನು ಮತ್ತೆ ಮತ್ತೆ ಮರಕ್ಕೆ ಕುಡಿಸುತ್ತಿದ್ದರು. ಗೇರಿನ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಆ ಖಾರವೇ ಹುಳುವಿಗೂ ಒಗ್ಗುವುದಿಲ್ಲ.

ಇಲ್ಲೊಂದು ರಸಾಯನಶಾಸ್ತ್ರದ ಪಾಠವಿದೆ. ಹಳೆಯ ಅಭ್ಯಾಸ, ಬಿಡಲಾಗದು. ಎಣ್ಣೆಗಳೆಲ್ಲ ಒಂದೇ ಜಾತಿಯವಲ್ಲ. ಕೊಬ್ಬರಿ ಎಣ್ಣೆಯನ್ನಾಗಲಿ ಶೇಂಗಾ ಎಣ್ಣೆಯನ್ನಾಗಲಿ ಹಲಗೆಗೆ ಹಚ್ಚಿ ತಿಂಗಳು ಬಿಟ್ಟರೂ ಅದು ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಹಾಗಲ್ಲ. ಅದು ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಮರದ ರಂಧ್ರಗಳಲ್ಲಿಯೇ ಗಟ್ಟಿಯಾದ ಪೊರೆಯಾಗುತ್ತದೆ. ನಾವು ಅದನ್ನು ಒಣಗಿತು ಎನ್ನುತ್ತೇವೆ. ನಿಜವಾಗಿ ಅದು ಆವಿಯಾಗಿ ಒಣಗುವುದಲ್ಲ, ಹೆಪ್ಪುಗಟ್ಟುವುದು. ಮೀನಿನ ಎಣ್ಣೆಗೂ ತಕ್ಕಮಟ್ಟಿಗೆ ಈ ಗುಣವಿದೆ. ಕರಾವಳಿಯ ಮೊಗೇರರೂ ಖಾರ್ವಿಗಳೂ ಅಣು ಪರಮಾಣುವಿನ ಪಾಠ ಕೇಳಿದವರಲ್ಲ. ಆದರೂ ತೆಂಗಿನ ತೋಟಗಳ ನಡುವೆ ಬದುಕುತ್ತಲೇ ದೋಣಿಗೆ ಕೊಬ್ಬರಿ ಎಣ್ಣೆ ಬಿಟ್ಟು ಮೀನಿನ ಎಣ್ಣೆ ಆರಿಸಿಕೊಂಡರು. ನಾತವನ್ನು ಸಹಿಸಿದರು.

ಎಣ್ಣೆಯ ದೊಡ್ಡ ಗುಣವೆಂದರೆ ಅದು ಚಿಪ್ಪಾಗುವುದಿಲ್ಲ, ಮರದೊಳಗೇ ಇರುತ್ತದೆ, ಆದ್ದರಿಂದ ಕಳಚುವುದಿಲ್ಲ. ದೊಡ್ಡ ದೋಷವೆಂದರೆ ಸವೆಯುತ್ತದೆ, ಮತ್ತೆ ಮತ್ತೆ ಹಚ್ಚಬೇಕು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ದೋಣಿಗಳನ್ನು ದಡಕ್ಕೆಳೆದು ತೆಂಗಿನ ಗರಿ ಹೊದಿಸಿಡುವುದು, ಮಳೆ ಮುಗಿದ ಮೇಲೆ ಮತ್ತೆ ಎಣ್ಣೆ ಉಣಿಸಿ ಇಳಿಸುವುದು ಇದಕ್ಕಾಗಿಯೇ. ಇತ್ತೀಚಿನ ದಶಕಗಳಲ್ಲಿ ಅನೇಕ ಮರದ ದೋಣಿಗಳಿಗೆ ಫೈಬರ್ ಹೊದಿಕೆ ಬಂದಿದೆ. ವರ್ಷವರ್ಷದ ಎಣ್ಣೆಯ ಕೆಲಸ ತಪ್ಪಿತು, ನಿಜ. ಆದರೆ ಹೊದಿಕೆಯಲ್ಲಿ ಒಂದು ಸೂಜಿಮೊನೆಯಷ್ಟು ತೂತು ಬಿದ್ದರೂ ಒಳಹೊಕ್ಕ ನೀರಿಗೆ ಹೊರಬರುವ ದಾರಿಯಿಲ್ಲ. ಮೇಲೆ ಹೊಳೆಯುತ್ತಲೇ ಇರುತ್ತದೆ, ಒಳಗೆ ಮರ ಕೊಳೆಯುತ್ತದೆ.

ಇದೇ ಕಷ್ಟ ಮರದ ಮೀನಿನದೂ. ಹಾಗಾಗಿ ಅದರ ಚರಿತ್ರೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ನಮ್ಮ ನಾಡಿನ ನದಿಗಳಲ್ಲಿ ಗಾಳ ಹಾಕುವುದನ್ನು ಕುರಿತ ಪ್ರಸಿದ್ಧ ಇಂಗ್ಲಿಷ್ ಗ್ರಂಥ 'ದಿ ರಾಡ್ ಇನ್ ಇಂಡಿಯಾ' ಮೊದಲು ಪ್ರಕಟವಾದದ್ದು 1873ರಲ್ಲಿ, ನಮ್ಮ ಮಂಗಳೂರಿನಲ್ಲಿಯೇ. ಬರೆದವನು ಮದರಾಸು ಸರಕಾರದ ಅಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿದ್ದ ಹೆನ್ರಿ ಸಲಿವನ್ ಥಾಮಸ್. ಮರದ ಮೀನನ್ನು ಕಾರ್ಖಾನೆಯ ಸರಕಾಗಿ ಮಾಡಿದ್ದು ಆಮೇಲೆ, ಅಮೆರಿಕದಲ್ಲಿ. ಮಿಶಿಗನ್ ಸಂಸ್ಥಾನದ ಡೊವಾಜಿಯಾಕ್ ಎಂಬ ಊರಿನ ಜೇಮ್ಸ್ ಹೆಡನ್ ಎಂಬಾತ ಕೈಯಲ್ಲಿದ್ದ ಕಟ್ಟಿಗೆಯ ತುಂಡನ್ನು ಕೆತ್ತಿ ಕೊಳಕ್ಕೆ ಎಸೆದಾಗ ಮೀನೊಂದು ಅದಕ್ಕೆ ಎರಗಿತು ಎಂಬ ಕಥೆಯಿದೆ. ಕಥೆ ಹೇಗೇ ಇರಲಿ, 1902ರಲ್ಲಿ ಆತ ತನ್ನ ಮರದ ಹುಸಿಮೀನಿಗೆ ಪೇಟೆಂಟ್ ಪಡೆದದ್ದು ದಾಖಲೆ.

ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಫಿನ್ಲೆಂಡಿನ ಲೌರಿ ರಾಪಾಲಾನ ಪ್ರಸಂಗ. ಆತ ಬಡ ಮೀನುಗಾರ. ಗಾಯಗೊಂಡಂತೆ ಓರೆಯಾಗಿ ಈಜುವ ಮರಿಮೀನುಗಳ ಮೇಲೆ ದೊಡ್ಡ ಮೀನುಗಳು ಎರಗುವುದನ್ನು ಗಮನಿಸಿ, ಅದೇ ಓಲಾಟವುಳ್ಳ ಹುಸಿಮೀನೊಂದನ್ನು 1936ರಲ್ಲಿ ಮಾಡಿದ. ಮೈಗೆ ಬೆಂಡುಮರದ ತೊಗಟೆ. ಕೆತ್ತಲು ಚಮ್ಮಾರನ ಕತ್ತಿ, ತಿಕ್ಕಲು ಉಪ್ಪುಕಾಗದ. ಮಿನುಗಿಗೆ ಚಾಕೊಲೇಟಿನ ಮೇಲೆ ಸುತ್ತಿ ಬರುವ ಬೆಳ್ಳಿಕಾಗದ. ನೀರು ತಾಗದಂತೆ ಮೇಲಿನ ಲೇಪಕ್ಕೆ? ಛಾಯಾಚಿತ್ರದ ಹಳೆಯ ನೆಗೆಟಿವ್‌ಗಳನ್ನು ಕರಗಿಸಿ ಹಚ್ಚಿದ! ನೆಗೆಟಿವ್ ಎಂದರೆ ಸೆಲ್ಯುಲಾಯ್ಡ್. ಕರಗಿಸಿ ಬಳಿದರೆ ಅದೇ ಒಂದು ಮೆರುಗೆಣ್ಣೆ. ಮನೆಯ ಕಸದಿಂದ ಆರಂಭವಾದ ಆ ವ್ಯಾಪಾರ ಇಂದು ಜಗತ್ತಿನಾದ್ಯಂತ ಹಬ್ಬಿದೆ.

ಇಂದು ಕೈಯಿಂದ ಮರದ ಮೀನು ಮಾಡುವವರ ಕ್ರಮ ಹೀಗಿದೆ: ಮೊದಲು ಮರದ ರಂಧ್ರ ಮುಚ್ಚುವ ಲೇಪ, ಆಮೇಲೆ ಬಿಳಿಯ ಪ್ರೈಮರ್, ಅದರ ಮೇಲೆ ಬಣ್ಣ, ಕಡೆಯಲ್ಲಿ ಗಾಜಿನಂತಹ ಎಪಾಕ್ಸಿ ಹೊದಿಕೆ. ರಂಧ್ರ ಮುಚ್ಚಲು ಕೆಲವರು ತೆಳುವಾದ ಎಪಾಕ್ಸಿ, ಕೆಲವರು ಅಗಸೆ ಎಣ್ಣೆ, ಕೆಲವರು ಬಡಗಿಗಳು ಬಳಸುವ ಸೀಲರ್ ಆರಿಸುತ್ತಾರೆ. ಇದರಲ್ಲಿ ಬಲ್ಲವರು ಎಡವದ, ಹೊಸಬರು ಎಡವುವ ಜಾಗ ಒಂದೇ. ಕೊಕ್ಕೆ ಸಿಕ್ಕಿಸುವ ತೂತುಗಳನ್ನು ಲೇಪಕ್ಕೆ ಮೊದಲೇ ಕೊರೆದು, ತೂತಿನ ಒಳಗೋಡೆಗೂ ಲೇಪ ಹೋಗುವಂತೆ ನೋಡಿಕೊಳ್ಳಬೇಕು. ಬಣ್ಣವೆಲ್ಲ ಮುಗಿದ ಮೇಲೆ ತಿರುಪು ಮೊಳೆ ತಿರುಗಿಸಿದರೆ ಕಾಪಿಟ್ಟ ಕೋಟೆಗೆ ನಾವೇ ಕಿಂಡಿ ತೆರೆದಂತೆ. ತಲೆ ಮತ್ತು ಬಾಲದಲ್ಲಿ ಮರದ ಎಳೆ ಅಡ್ಡಕ್ಕೆ ಕತ್ತರಿಸಿರುತ್ತದೆ. ಆ ತುದಿಗಳು ಪಕ್ಕಗಳಿಗಿಂತ ಹಲವು ಪಟ್ಟು ವೇಗವಾಗಿ ನೀರು ಹೀರುತ್ತವೆ. ಅಲ್ಲಿ ಎರಡು ಕೈ ಹೆಚ್ಚು ಹಚ್ಚಬೇಕು. ಲೇಪ ಸಾಕಾಯಿತೇ ಎಂದು ತಿಳಿಯಲು ತೂಕವೇ ಪರೀಕ್ಷೆ: ಬಣ್ಣ ಹಚ್ಚುವ ಮುನ್ನ ಅಕ್ಕಸಾಲಿಗರ ತಕ್ಕಡಿಯಂಥದರಲ್ಲಿ ತೂಗಿ, ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿದರೆ ಮರ ನೀರು ಕುಡಿದದ್ದು ಗೊತ್ತಾಗುತ್ತದೆ. ಪ್ರೈಮರ್ ಬಿಳಿಯೇ ಏಕೆಂದರೆ ಮೇಲಿನ ತೆಳು ಬಣ್ಣವನ್ನು ದಾಟಿದ ಬೆಳಕು ಬಿಳಿಯ ಮೇಲೆ ಬಿದ್ದು ಹಿಂದಿರುಗುತ್ತದೆ. ಮರದ ಕಂದಿನ ಮೇಲೆ ಬಿದ್ದರೆ ಅಲ್ಲಿಯೇ ಇಂಗುತ್ತದೆ. ಎಣ್ಣೆ ಬಳಸುವವರಿಗೆ ಇನ್ನೊಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬಾರದು. ಅದು ಗಟ್ಟಿಯಾಗುವಾಗ ಕಾವು ಹುಟ್ಟಿ, ಬೆಂಕಿ ತಾನಾಗಿಯೇ ಹತ್ತಿಕೊಳ್ಳುವುದುಂಟು. ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿಡಿ. (ಹಾಗೆಯೇ, ದಾಂಡೇಲಿಯ ಕಡೆ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಕಾಳಿ ನದಿಯಲ್ಲಿ ಇದನ್ನೆಲ್ಲ ಪ್ರಯೋಗಿಸಲು ಹೋಗಬೇಡಿ.)

ನೀರಿಗಿಳಿಯುವ ಮರದ ಮಾತು ಇಷ್ಟು. ನೆಲದ ಮೇಲಿರುವ ಮರಕ್ಕೆ ಬಣ್ಣ ಹಚ್ಚುವವರ ವಿದ್ಯೆ ಬೇರೆ.

ಚನ್ನಪಟ್ಟಣದ ಬೊಂಬೆಯಲ್ಲಿ ಪ್ರೈಮರೇ ಇಲ್ಲ ಎಂದರೆ ನಿಮಗೆ ಆಶ್ಚರ್ಯವಾದೀತು. ಚೆನ್ನಾಗಿ ಒಣಗಿಸಿದ ಆಲೆಮರದ ತುಂಡು ತಿರುಗಣೆಯಲ್ಲಿ ಗರಗರನೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರದ ರಂಧ್ರಗಳಿಗೆ ಇಳಿದು ಅಲ್ಲಿಯೇ ಗಟ್ಟಿಯಾಗುತ್ತದೆ. ಕೇದಿಗೆಯ ಜಾತಿಯ ಗರಿಯಿಂದ ಉಜ್ಜಿದರೆ ಮೆರುಗು. ರಂಧ್ರ ಮುಚ್ಚುವ ಲೇಪ, ಬಣ್ಣ, ಹೊಳಪು ಮೂರೂ ಒಂದೇ ಕಡ್ಡಿಯಲ್ಲಿವೆ. ತಿರುಗಣೆಗೆ ಒಗ್ಗುವ ಉರುಟು ಆಕಾರಗಳೇ ಆ ಊರಿನ ಬೊಂಬೆಗಳಲ್ಲಿ ಹೆಚ್ಚಾಗಿರುವುದೂ ಇದಕ್ಕೇ. ಆದರೆ ಅರಗಿಗೆ ನೀರಿನಲ್ಲಿ ನೆನೆದರೆ ಬಿಳಿಮಚ್ಚೆ ಬೀಳುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಬೆಂಕಿಗಂತೂ ಏನಾಗುತ್ತದೆಂಬುದನ್ನು ಪಾಂಡವರ ಅರಗಿನ ಮನೆಯ ಕಥೆ ಕೇಳಿದ ಮಕ್ಕಳೆಲ್ಲ ಬಲ್ಲರು. ಮಗುವಿನ ಕೈಯಲ್ಲಿ ಬಾಳುವ ಲೇಪ ಕೆರೆಯಲ್ಲಿ ಬಾಳದು.

ಇನ್ನೊಂದು ವಿದ್ಯೆ ನಮ್ಮ ಊರಿಗೇ ನಡೆದು ಬಂದಿದೆ. 1966ರಲ್ಲಿ ಮುಂಡಗೋಡದ ಬಳಿ ಟಿಬೆಟನ್ ನಿರಾಶ್ರಿತರ ವಸತಿ ಆರಂಭವಾಯಿತು. ಗಾಂಡೆನ್ ಮತ್ತು ಡ್ರೆಪುಂಗ್ ಎಂಬ ಅವರ ಮಹಾವಿಹಾರಗಳು ಇಲ್ಲಿ ಮರುಹುಟ್ಟು ಪಡೆದವು. ನಾವು ಕ್ಯಾಂಪ್ ಎಂದೇ ಕರೆಯುವ ಆ ವಸತಿಯ ಮಂದಿರಗಳಿಗೆ ಹೋದಾಗ ನೀವು ಪೀಠಗಳನ್ನೂ ಕಂಬಗಳನ್ನೂ ತೂಗುಹಾಕಿದ ಥಂಕಾ ಚಿತ್ರಗಳನ್ನೂ ನೋಡಿರುತ್ತೀರಿ. ಥಂಕಾಕ್ಕೆ ಸಂಪ್ರದಾಯದಂತೆ ಮೊದಲು ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಸೀಮೆಸುಣ್ಣದಂತಹ ಬಿಳಿಮಣ್ಣನ್ನು ಚರ್ಮದಿಂದ ಕಾಸಿದ ಅಂಟಿನಲ್ಲಿ ಕಲಸಿ ಬಳಿಯುತ್ತಾರೆ. ಒಣಗಿದ ಮೇಲೆ ನುಣುಪು ಕಲ್ಲಿನಿಂದಲೋ ಶಂಖದ ಚಿಪ್ಪಿನಿಂದಲೋ ತಿಕ್ಕುತ್ತಾರೆ. ಬಟ್ಟೆಯ ನೆಯ್ಗೆ ಕಣ್ಣಿಗೆ ಕಾಣದಂತಾದ ಮೇಲೆಯೇ ಕುಂಚ ಮುಟ್ಟುವುದು. ಸುಣ್ಣದಂತಹ ಪುಡಿ ಮತ್ತು ಅಂಟು, ಈ ಜೋಡಿ ಲೋಕದಲ್ಲೆಲ್ಲ ಇದೆ. ಸುಮಾರು 1400ರ ಹೊತ್ತಿಗೆ ಇಟಲಿಯ ಚೆನ್ನಿನೊ ಚೆನ್ನಿನಿ ಬರೆದ ಚಿತ್ರಕಾರರ ಕೈಪಿಡಿಯಲ್ಲಿ ಮರದ ಹಲಗೆಗೆ ಮೊದಲು ಅಂಟಿನಲ್ಲಿ ನೆನೆಸಿದ ಹಳೆಯ ನಾರುಬಟ್ಟೆಯ ಪಟ್ಟಿಗಳನ್ನು ಹಚ್ಚಿ ಅದರ ಮೇಲೆ ಬಿಳಿಯ ಲೇಪ ಹಾಕಲು ಹೇಳಿದೆ.

ಆ ಬಟ್ಟೆಯ ಪಟ್ಟಿಯ ಮಾತನ್ನು ಓದಿದಾಗ ನನಗೆ ನೆನಪಾದದ್ದು ಕಿನ್ನಾಳ. ನನ್ನ ಮಟ್ಟಿಗೆ ಈ ವಿದ್ಯೆಯ ಶಿಖರವೇ ಅದು.

ಕಿನ್ನಾಳ ಕೊಪ್ಪಳದ ಸಮೀಪದ ಊರು. ಅಲ್ಲಿಯ ಚಿತ್ರಗಾರ ಮನೆತನಗಳು ಗೌರಿ, ಗರುಡ, ಹನುಮ, ಪಲ್ಲಕ್ಕಿ, ತೊಟ್ಟಿಲು, ಪ್ರಾಣಿಪಕ್ಷಿಗಳನ್ನು ಹಗುರ ಮರದಲ್ಲಿ ಮಾಡಿ ಬಣ್ಣ ಹಾಕುತ್ತ ಬಂದಿವೆ. ತಮ್ಮ ಪೂರ್ವಿಕರು ವಿಜಯನಗರದ ಕಾಲದಲ್ಲಿ ಹಂಪಿಯ ಚಿತ್ರಗಳನ್ನು ಬರೆದವರೆಂದು ಅವರು ಹೇಳಿಕೊಳ್ಳುತ್ತಾರೆ. ಕಿನ್ನಾಳದ ಬೊಂಬೆಯನ್ನು ಒಂದೇ ತುಂಡಿನಲ್ಲಿ ಕೆತ್ತುವುದಿಲ್ಲ. ಕೈ, ಕಾಲು, ತಲೆ ಬೇರೆ ಬೇರೆಯಾಗಿ ಕೆತ್ತಿ ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ಜೋಡಣೆಯೆಂದರೆ ಸಂದು, ಸಂದು ಎಂದರೆ ಬಿರುಕಿನ ತವರುಮನೆ. ಎರಡು ತುಂಡುಗಳ ಎಳೆ ಎರಡು ದಿಕ್ಕಿಗಿದ್ದು, ಎರಡೂ ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುತ್ತವೆ.

ಇದಕ್ಕೆ ಅವರು ಹೂಡಿದ ಉಪಾಯ ಮೂರು ಪದರಗಳದು. ಮೊದಲನೆಯದು ಕಿಟ್ಟ. ಹಳೆಯ ಸೆಣಬಿನ ಚೀಲದ ಚಿಂದಿಗಳನ್ನು ನೆನೆಸಿ, ಸಣ್ಣಗೆ ಹರಿದು, ಒಣಗಿಸಿ, ಪುಡಿ ಮಾಡಿ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಮುದ್ದೆ ಅದು. ಇದನ್ನು ಬೊಂಬೆಯ ಮೈಗೆಲ್ಲ ಕೈಯಿಂದಲೇ ಮೆತ್ತುತ್ತಾರೆ. ಅದರ ಮೇಲೆ ಅದೇ ಅಂಟಿನಿಂದ ಹತ್ತಿಬಟ್ಟೆಯ ಸಣ್ಣ ಸಣ್ಣ ತುಂಡುಗಳನ್ನು ಹಚ್ಚುತ್ತಾರೆ. ಬಟ್ಟೆಯ ಮೇಲೆ ಕಲ್ಲಿನ ನುಣ್ಣನೆಯ ಪುಡಿಯನ್ನು ಅಂಟಿನಲ್ಲಿ ಕಲಸಿದ ಲೇಪ. ಬಣ್ಣ ಕೂರುವುದು ಈ ಮೂರನೆಯ ಪದರದ ಮೇಲೆ. ಒಡವೆ, ಕಿರೀಟ, ಸೀರೆಯ ಅಂಚುಗಳು ಉಬ್ಬಿ ನಿಲ್ಲುವುದೂ ಇದೇ ಕಲ್ಲಿನ ಲೇಪದಿಂದ. ಚಿನ್ನದಂತೆ ಹೊಳೆಯಬೇಕಾದಲ್ಲಿ ತವರವನ್ನು ಅಂಟಿನೊಡನೆ ಸೇರಿಸಿ ಹಚ್ಚಿ ಉಜ್ಜುತ್ತಾರೆ; ಅದಕ್ಕೆ ಲಾಜವರ ಎಂದು ಹೆಸರು.

ಈ ಪದರಗಳ ತರ್ಕವನ್ನು ಸ್ವಲ್ಪ ಯೋಚಿಸಿ ನೋಡಿ. ಕಲ್ಲಿನ ಲೇಪ ನುಣುಪು, ಆದರೆ ಪೆಡಸು; ಓಲಾಡುವ ಮರಕ್ಕೆ ನೇರವಾಗಿ ಹಚ್ಚಿದರೆ ಬಿರಿಯುತ್ತದೆ. ಕಿಟ್ಟದಲ್ಲಿ ನಾರಿದೆ, ಅದು ಮರದಂತೆಯೇ ತುಸು ಬಾಗಬಲ್ಲದು. ನಡುವಿನ ಬಟ್ಟೆ ಸಂದುಗಳ ಮೇಲೆ ಸೇತುವೆಯಂತೆ ಹಾದು ಎಳೆತವನ್ನು ಸುತ್ತಲಿಗೆ ಹಂಚುತ್ತದೆ. ಮರಕ್ಕೆ ಹತ್ತಿರವಾದದ್ದು ಮರದ ಗುಣದ್ದು, ಬಣ್ಣಕ್ಕೆ ಹತ್ತಿರವಾದದ್ದು ಬಣ್ಣಕ್ಕೆ ಬೇಕಾದ ಗುಣದ್ದು. ಇಂದು ದೋಣಿಗೆ ಫೈಬರ್ ಹೊದಿಸುವವರು ಗಾಜಿನ ನಾರಿನ ಬಟ್ಟೆಯನ್ನು ರಾಳದಲ್ಲಿ ನೆನೆಸಿ ಹಚ್ಚುತ್ತಾರಲ್ಲ, ತತ್ತ್ವ ಅದೇ. ಚಿತ್ರಗಾರನ ಬಳಿ ಇದ್ದದ್ದು ಸೆಣಬಿನ ಚಿಂದಿ, ಹರಿದ ಬಟ್ಟೆ, ಹುಣಸೆಯ ಬೀಜ. ಮೂರೂ ಮನೆಯಲ್ಲಿ ಎಸೆಯುವ ವಸ್ತುಗಳು. ರಾಪಾಲಾನ ಚಾಕೊಲೇಟಿನ ಕಾಗದವೂ ಹಾಗೆಯೇ ತಾನೆ?

ಆದರೆ ಹುಣಸೆಬೀಜದ ಅಂಟು ನೀರಿನಲ್ಲಿ ಕರಗುವಂಥದು. ಹೀಗಾಗಿ ಕಿನ್ನಾಳದ ಮೀನನ್ನು ಯಾರಾದರೂ ಗಾಳಕ್ಕೆ ಕಟ್ಟಿದರೆ ಅರ್ಧ ದಿನದಲ್ಲಿ ಅದು ಮುದ್ದೆಯಾದೀತು. ಅದು ಕೊಪ್ಪಳದ ಒಣಹವೆಗೆ, ದೇವರ ಮನೆಗೆ, ವರ್ಷಕ್ಕೊಮ್ಮೆ ಹೊರಬರುವ ಉತ್ಸವಕ್ಕೆ ಹುಟ್ಟಿದ ಲೇಪ. ಅಲ್ಲಿ ಅದಕ್ಕೆ ಸಾಟಿಯಿಲ್ಲ.

ಕಿನ್ನಾಳದ ಬೊಂಬೆಗಳಿಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆದರೂ ಕೆಲಸ ಹಿಡಿದಿರುವ ಮನೆಗಳು ಕೆಲವೇ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕೊಳ್ಳುವವನ ಕಣ್ಣಿಗೆ ಬೀಳುವುದು ಬಣ್ಣ ಮಾತ್ರ. ಬೊಂಬೆಯೊಂದಕ್ಕೆ ತಗಲುವ ದಿನಗಳಲ್ಲಿ ಹೆಚ್ಚಿನವು ಮೆತ್ತುವುದಕ್ಕೆ, ಒಣಗಿಸುವುದಕ್ಕೆ, ತಿಕ್ಕುವುದಕ್ಕೆ, ಮತ್ತೆ ಮೆತ್ತುವುದಕ್ಕೆ ಹೋಗುತ್ತವೆ. ಅದಕ್ಕೆ ಬೆಲೆ ಕಟ್ಟಿ ಕೊಡುವವರಿಲ್ಲ. ಬರಿಯ ಮರದ ಮೇಲೆ ಎನಾಮೆಲ್ ಬಳಿದ ಬೊಂಬೆಯೂ ಅಂಗಡಿಯಲ್ಲಿ ಅಷ್ಟೇ ಹೊಳೆಯುತ್ತದೆ, ಅರ್ಧ ಬೆಲೆಗೆ ಸಿಗುತ್ತದೆ.

ಇದು ಕಿನ್ನಾಳದ ಮಾತಷ್ಟೇ ಅಲ್ಲ, ನಮ್ಮ ಸೀಮೆಯದೂ ಹೌದು. ಶಿರಸಿಯ ಮಾರಿಕಾಂಬೆ ಮರದ ಮೂರ್ತಿ. ನಮ್ಮ ತಾಲೂಕು, ಹಾನಗಲ್ಲು, ಹಾವೇರಿಯ ಕಡೆಯ ಅನೇಕ ಊರುಗಳ ದ್ಯಾಮವ್ವ, ಮಾರಮ್ಮರೂ ಮರದವರೇ. ಜಾತ್ರೆಗೆ ಮುನ್ನ ದೇವಿಗೆ ಹೊಸ ಬಣ್ಣ ಆಗಬೇಕು. ಹಿಂದೆ ಇದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ಕೆಟ್ಟ ಜಾಗವನ್ನಷ್ಟೇ ಬಿಡಿಸಿ, ಬಟ್ಟೆ ಹಚ್ಚಿ, ತಳಪದರ ಸರಿಮಾಡಿ ಬಣ್ಣ ಕೊಡುತ್ತಿದ್ದರು. ಈಗ ಕೆಲವು ಕಡೆ ಎರಡು ದಿನದಲ್ಲಿ ಮುಗಿಯುತ್ತದೆ. ಯಂತ್ರದಿಂದ ಉಜ್ಜಿ ಎಲ್ಲವನ್ನೂ ಬರಿಮರದವರೆಗೆ ಕೆರೆದು ಎನಾಮೆಲ್ ಹೊಡೆಯುತ್ತಾರೆ. ಮುಂದಿನ ಜಾತ್ರೆಯ ಹೊತ್ತಿಗೆ ಕೆನ್ನೆಯ ಮೇಲೆ, ಮೊಣಕೈಯ ಸಂದಿನಲ್ಲಿ ಬಣ್ಣ ಎದ್ದಿರುತ್ತದೆ, ಮತ್ತೆ ಕೆರೆಯುತ್ತಾರೆ. ಪ್ರತಿಸಲ ಮೂಗು ತುಟಿಗಳ ಕೆತ್ತನೆಯೂ ಒಂದಿಷ್ಟು ಸವೆಯುತ್ತದೆ. ಬಣ್ಣ ಮತ್ತೆ ಬರುತ್ತದೆ, ಸವೆದ ಮೂಗು ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಸಮೀಪದ ಒಂದು ಊರಿನಲ್ಲಿ ಹಾಗೆ ಕೆರೆಯುತ್ತಿದ್ದಾಗ ನಾನು ಅಲ್ಲಿದ್ದೆ. ಕೆಳಗೆ ಬಿದ್ದ ಚಕ್ಕೆಯೊಂದನ್ನು ಎತ್ತಿ ಅಂಚನ್ನು ಭೂತಗನ್ನಡಿಯಿಂದ ನೋಡಿದೆ. ಮೇಲೆ ಇತ್ತೀಚಿನ ಎನಾಮೆಲ್, ಅದರ ಕೆಳಗೆ ಕೆಂಪು, ಹಳದಿ, ಮತ್ತೆ ಕೆಂಪು. ಅದರ ಕೆಳಗೆ ಉಗುರಿನಷ್ಟು ದಪ್ಪದ ಬಿಳಿಯ ಲೇಪ. ಎಲ್ಲಕ್ಕಿಂತ ಕೆಳಗೆ ಬಟ್ಟೆಯ ನೂಲು, ಹಾಸು ಹೊಕ್ಕು ಎಣಿಸಬಹುದಾದಷ್ಟು ಸ್ಪಷ್ಟವಾಗಿ. ಬಣ್ಣದವರು ಉಳಿದ ಚಕ್ಕೆಗಳನ್ನು ಗುಡಿಸಿ ಬುಟ್ಟಿಗೆ ತುಂಬಿದರು. ನಾನು ಎತ್ತಿಕೊಂಡದ್ದು ಕಾಗದದಲ್ಲಿ ಸುತ್ತಿ ನನ್ನ ಮೇಜಿನ ಖಾನೆಯಲ್ಲಿದೆ. ಊರಿಗೆ ಬಂದಾಗ ಮನೆಗೆ ಬನ್ನಿ, ತೋರಿಸುತ್ತೇನೆ.